ನಿಮಗಿದು ಗೊತ್ತೆ? ರೆಪ್ಪೆ ಮಗುಚಿ ನೋಡುವ ಮಸೂರ

ಕ್ಲಮೈಡಿಯಾ ಟ್ರಕೋಮ್ಯಾಟಿಸ್ ಎಂಬ ಬ್ಯಾಕ್ಟೀರಿಯದಿಂದ ಬರುವ, ಪದೇ ಪದೇ ತಗುಲಿದರೆ ದೃಷ್ಟಿಯನ್ನೇ ಕಸಿಯಬಲ್ಲ ಟ್ರಕೋಮಾ ರೋಗವನ್ನು ಗುರುತಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. ತರಬೇತಿ ಪಡೆದ ಪರೀಕ್ಷಕರು ಮೇಲ್ರೆಪ್ಪೆಯನ್ನು ಮಗುಚಿ, ಅದರ ಒಳಮೈಯನ್ನು ಹಗಲಿನ ಅಥವಾ ಟಾರ್ಚಿನ ಬೆಳಕಿನಲ್ಲಿ, 2.5 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಎಂಬ ಮಸೂರದ ಮೂಲಕ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 1987ರ ಸರಳ ವರ್ಗೀಕರಣದಂತೆ, ಒಳಮೈಯಲ್ಲಿ ಕೋಶಿಕೆಗಳು, ಅಂದರೆ ಸುತ್ತಲಿನ ಪದರಕ್ಕಿಂತ ಬಿಳಿಚಿಕೊಂಡ ದುಂಡನೆಯ ಉಬ್ಬುಗಳು, ಕನಿಷ್ಠ 5 ಇದ್ದು, ಒಂದೊಂದೂ 0.5 ಮಿಲಿಮೀಟರಿಗೆ ಕಡಿಮೆಯಿಲ್ಲದಿದ್ದರೆ ಅದನ್ನು ಕೋಶಿಕಾ ಟ್ರಕೋಮಾ ಎಂದು ದಾಖಲಿಸಲಾಗುತ್ತದೆ. ಅರ್ಧ ಮಿಲಿಮೀಟರಿನ ಈ ಲೆಕ್ಕ ಬರಿಗಣ್ಣಿಗೆ ಸುಲಭವಾಗಿ ದಕ್ಕುವಂಥದ್ದಲ್ಲ. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಸಂಸ್ಥೆ 2024ರಲ್ಲಿ ಮಾನ್ಯ ಮಾಡಿತಾದರೂ, ರೋಗಾಣು ಪೂರ್ತಿ ಅಳಿದಿದೆ ಎಂಬುದು ಅದರ ಅರ್ಥವಲ್ಲ.