ಸ್ಟುಡಿಯೊ 54

ಸ್ಟುಡಿಯೊ 54 ಅಮೆರಿಕದ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ, ಪಶ್ಚಿಮ 54ನೆಯ ಬೀದಿಯಲ್ಲಿರುವ ಒಂದು ರಂಗಮಂದಿರ. 1970ರ ದಶಕದ ಕೊನೆಯಲ್ಲಿ ಇದು ಡಿಸ್ಕೊ ನೈಟ್‌ಕ್ಲಬ್ ಆಗಿ ಜಗತ್ಪ್ರಸಿದ್ಧವಾಯಿತು. ಆ ಪ್ರಸಿದ್ಧಿಯ ಕಾಲ ಮೂರು ವರ್ಷಕ್ಕೂ ಕಡಿಮೆ. ಕಟ್ಟಡದ ಆಯುಷ್ಯದ ಬಹುಭಾಗ ಸಂದಿರುವುದು ದೂರದರ್ಶನಕ್ಕೆ ಮತ್ತು ನಾಟಕಕ್ಕೆ.

ಹಿನ್ನೆಲೆ

ಒಪೆರಾ ಸಂಚಾಲಕ ಫಾರ್ಚೂನ್ ಗ್ಯಾಲೊ 1927ರಲ್ಲಿ ಇದನ್ನು ಗ್ಯಾಲೊ ಒಪೆರಾ ಹೌಸ್ ಎಂಬ ಹೆಸರಿನಿಂದ ತೆರೆದರು. ನಷ್ಟದಿಂದಾಗಿ ಅದು ಬೇಗನೆ ಕೈಬದಲಾಯಿತು. 1940ರ ದಶಕದಲ್ಲಿ ಸಿಬಿಎಸ್ ಪ್ರಸಾರ ಸಂಸ್ಥೆ ಇದನ್ನು ತನ್ನದಾಗಿಸಿಕೊಂಡು, ಸ್ಟುಡಿಯೊ 52 ಎಂದು ಕರೆದು, 1970ರ ದಶಕದವರೆಗೂ ಬಳಸಿತು. 52 ಎಂಬುದು ಸಂಸ್ಥೆಯ ಕ್ರಮಸಂಖ್ಯೆ. ಈಗಿನ 54 ಬೀದಿಯ ಸಂಖ್ಯೆ.

ನೈಟ್‌ಕ್ಲಬ್

ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ 1977ರ ಏಪ್ರಿಲ್ 26ರಂದು ಇಲ್ಲಿ ನೈಟ್‌ಕ್ಲಬ್ ಆರಂಭಿಸಿದರು. ಇತರ ಡಿಸ್ಕೊಗಳಿಗಿಲ್ಲದ ಅನುಕೂಲವೊಂದು ಕಟ್ಟಡದಿಂದಲೇ ದೊರೆಯಿತು. ನಾಟಕದ ಪರದೆಗಳನ್ನು ಏರಿಸಿ ಇಳಿಸುವ ವ್ಯವಸ್ಥೆ ಹಾಗೆಯೇ ಉಳಿದಿತ್ತು. ಅದರ ನೆರವಿನಿಂದ ದೀಪಗಳೂ ದೃಶ್ಯಪಟಗಳೂ ನರ್ತಿಸುವವರ ತಲೆಯ ಮೇಲೆ ಇಳಿದು ಬರುತ್ತಿದ್ದವು. ಹಳೆಯ ರಂಗವೇ ನೃತ್ಯದ ನೆಲವಾದುದರಿಂದ ಕುಣಿಯುವವರು ನಟರೂ ಬಾಲ್ಕನಿಯಲ್ಲಿ ಕುಳಿತವರು ಪ್ರೇಕ್ಷಕರೂ ಆದಂತಾಯಿತು.

ಬಾಗಿಲಲ್ಲಿ ಯಾರನ್ನು ಬಿಡಬೇಕೆಂಬುದನ್ನು ಹಲವು ರಾತ್ರಿ ರುಬೆಲ್ ಸ್ವತಃ ನಿರ್ಧರಿಸುತ್ತಿದ್ದರು; ಹಣವಿದ್ದ ಮಾತ್ರಕ್ಕೆ ಪ್ರವೇಶ ಸಿಗುತ್ತಿರಲಿಲ್ಲ. ಸಲಿಂಗಿಗಳು, ಕಪ್ಪುವರ್ಣೀಯರು, ಸಿರಿವಂತರು, ಚಿತ್ರತಾರೆಯರು ಇಲ್ಲಿ ಒಂದೇ ನೆಲದಲ್ಲಿ ಕುಣಿದರೆಂಬ ಹೊಗಳಿಕೆ ನಿಜವೇ. ಆದರೆ ಆ ಸಮಾನತೆ ಬಾಗಿಲು ದಾಟಿದವರಿಗೆ ಮಾತ್ರ ಮೀಸಲಾಗಿತ್ತು. 1977ರ ಕೊನೆಯ ರಾತ್ರಿ ಹೊರಗೇ ಉಳಿಯಬೇಕಾಗಿ ಬಂದ ಸಂಗೀತಗಾರರಾದ ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಆ ಸಿಟ್ಟಿನಲ್ಲಿ ರಚಿಸಿದ ಹಾಡೇ ಮುಂದೆ "ಲ ಫ್ರೀಕ್" ಆಯಿತು. ತಡೆದ ಕ್ಲಬ್ಬುಗಳಲ್ಲಿಯೇ ಅಂತಹ ಹಾಡು ಮೊಳಗಿದುದು ವಿನೋದದ ಸಂಗತಿ.

ಪತನ

ನಗದು ಆದಾಯವನ್ನು ಲೆಕ್ಕಕ್ಕೆ ಸೇರಿಸದೆ ತೆಗೆದಿಡುತ್ತಿದ್ದುದು ಕ್ಲಬ್ಬಿಗೆ ಮುಳುವಾಯಿತು. 1978ರ ಡಿಸೆಂಬರ್‌ನಲ್ಲಿ ತೆರಿಗೆ ಅಧಿಕಾರಿಗಳು ದಾಳಿ ನಡೆಸಿದರು. ಮಾಲೀಕರಿಬ್ಬರೂ ತಪ್ಪೊಪ್ಪಿಕೊಂಡರು, 1980ರ ಜನವರಿಯಲ್ಲಿ ಇಬ್ಬರಿಗೂ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. ರುಬೆಲ್ 1989ರಲ್ಲಿ ನಿಧನರಾದರು. ಮುಂದೆ ಹೋಟೆಲ್ ಉದ್ಯಮಿಯಾಗಿ ಹೆಸರು ಮಾಡಿದ ಶ್ರೇಗರ್ ಅವರಿಗೆ 2017ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಕ್ಷಮಾದಾನ ನೀಡಿದರು. ಹೊಸ ಮಾಲೀಕರ ಕೈಯಲ್ಲಿ ಕ್ಲಬ್ 1981ರಿಂದ 1986ರವರೆಗೆ ನಡೆಯಿತಾದರೂ ಹಿಂದಿನ ಮೆರುಗು ಮರಳಲಿಲ್ಲ.

ಮತ್ತೆ ರಂಗಮಂದಿರ

1998ರಲ್ಲಿ ರೌಂಡ್‌ಅಬೌಟ್ ಥಿಯೇಟರ್ ಕಂಪನಿಯ "ಕ್ಯಾಬರೆ" ಸಂಗೀತನಾಟಕ ಇಲ್ಲಿಗೆ ಸ್ಥಳಾಂತರಗೊಂಡಿತು. ಅದರ ಕಥೆ ನಡೆಯುವುದೂ ಬರ್ಲಿನ್ನಿನ ಒಂದು ನೈಟ್‌ಕ್ಲಬ್ಬಿನಲ್ಲಿ. 2003ರಲ್ಲಿ ಕಂಪನಿ ಕಟ್ಟಡವನ್ನು ಕೊಂಡುಕೊಂಡಿತು, ಹೆಸರನ್ನು ಮಾತ್ರ ಬದಲಿಸಲಿಲ್ಲ. ಗಣ್ಯರ ಗುಟ್ಟಿನ ಕೂಟಗಳಿಗೆ ಹೆಸರಾಗಿದ್ದ ನೆಲಮಾಳಿಗೆಯಲ್ಲಿ 2012ರಿಂದ "54 ಬಿಲೋ" ಎಂಬ ಭೋಜನ ಸಹಿತ ಸಂಗೀತ ತಾಣ ನಡೆಯುತ್ತಿದೆ. ಅಲ್ಲಿಗೆ ಟಿಕೆಟ್ ಕೊಂಡವರೆಲ್ಲರಿಗೂ ಪ್ರವೇಶವಿದೆ.