ಒಂದೂಕಾಲು ನಿಮಿಷದ ಓಟಕ್ಕೆ ಎಷ್ಟು ಪುಟ?

1200 ಮೀಟರಿನ ಕುದುರೆ ಓಟವೊಂದು ಸುಮಾರು ಒಂದೂಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ನಮ್ಮ ಸಪ್ಲೈಯರ್ ಮಿತ್ರರು ಎರಡು ಮೇಜಿಗೆ ಕಾಫಿ ಇಟ್ಟು ಬಂದಾರು. ಇಷ್ಟು ಕಿರಿದಾದ ಒಂದು ಸಂಗತಿಯನ್ನು ಕುರಿತು ಪತ್ರಿಕೆಯವರು ಹತ್ತಾರು ಪುಟಗಳನ್ನು ತುಂಬಿಸುವುದು ಉಚಿತವೇ? ತುಂಬಿಸಿದರೂ, ಕುದುರೆಗೂ ಓದುಗನಿಗೂ ನಡುವೆ ಬರೆಯುವಾತನು ‘ನಾನು’ ಎಂದು ಬಂದು ನಿಲ್ಲಬಹುದೇ? ಮಧ್ಯಾಹ್ನದ ಊಟದ ಗದ್ದಲ ಅಡಗಿ, ಸಂಜೆಯ ದೋಸೆಗೆ ಕಾವಲಿ ಕಾಯುವ ಮುನ್ನ ದೊರೆಯುವ ಅರ್ಧ ಗಂಟೆಯಲ್ಲಿ ಪತ್ರಿಕೆಯನ್ನು ಬಿಡಿಸುವವರಿಗೆ ಈ ಪ್ರಶ್ನೆ ಹಗುರವಾದುದಲ್ಲ.

ಮದರಾಸಿಗೆ ಆಟದ ಬರವಣಿಗೆ ಹೊಸದಲ್ಲ. ‘ದಿ ಹಿಂದು’ ಸಂಸ್ಥೆಯವರ ‘ಸ್ಪೋರ್ಟ್ ಅಂಡ್ ಪಾಸ್‌ಟೈಮ್’ ವಾರಪತ್ರಿಕೆ 1947ರಿಂದ 1968ರವರೆಗೆ ಇಲ್ಲಿಂದಲೇ ಹೊರಡುತ್ತಿತ್ತು. 1978ರಲ್ಲಿ ಅದೇ ಮನೆಯಿಂದ ‘ಸ್ಪೋರ್ಟ್‌ಸ್ಟಾರ್’ ಹುಟ್ಟಿತು. ದಿನಪತ್ರಿಕೆಯ ಮೂಲೆಯಲ್ಲಿ ದಕ್ಕದ ವಿಸ್ತಾರ ವಾರಪತ್ರಿಕೆಗಳಲ್ಲಿ ದಕ್ಕುತ್ತಿತ್ತು.

ಆದರೆ ವಿಸ್ತಾರವೇ ಗುಣವಲ್ಲವೆಂಬುದಕ್ಕೆ ಅಮೆರಿಕೆಯ ಒಂದು ದೃಷ್ಟಾಂತವಿದೆ. 1949ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಜಮೈಕಾ ಪಂದ್ಯದ ಬಯಲಿನಲ್ಲಿ ‘ಏರ್ ಲಿಫ್ಟ್’ ಎಂಬ ಎರಡು ವರ್ಷದ ಕುದುರೆ ತನ್ನ ಮೊದಲನೆಯ ಓಟದಲ್ಲಿಯೇ ಕಾಲು ಮುರಿದುಕೊಂಡಿತು. ಅದರ ಒಡಹುಟ್ಟಿದ ‘ಅಸಾಲ್ಟ್’ 1946ರಲ್ಲಿ ಆ ದೇಶದ ಮೂರು ಮಹಾ ಪಂದ್ಯಗಳನ್ನೂ ಗೆದ್ದ ಕುದುರೆ. ಇಂಥ ಮನೆತನದ ಪ್ರಾಣಿಯನ್ನು ಲಾಯದ ಬಳಿಗೆ ಒಯ್ದು ಗುಂಡಿಟ್ಟು ಕೊಂದರು. ಅಲ್ಲಿದ್ದ ಡಬ್ಲ್ಯೂ. ಸಿ. ಹೈನ್ಸ್ ಎಂಬ ಪತ್ರಿಕೋದ್ಯೋಗಿ ಕೂಡಲೇ ಟೈಪ್‌ರೈಟರ್ ಮುಂದೆ ಕುಳಿತು ‘ನ್ಯೂಯಾರ್ಕ್ ಸನ್’ ಪತ್ರಿಕೆಗೆ ಬರೆದುದು ಸಾವಿರ ಪದವನ್ನೂ ಮುಟ್ಟುವುದಿಲ್ಲ. ಅದರಲ್ಲಿ ಬರೆದವನ ಕಣ್ಣೀರಿಲ್ಲ, ನಿಟ್ಟುಸಿರಿಲ್ಲ. ಪಶುವೈದ್ಯನಿದ್ದಾನೆ, ಲಾಯದವರಿದ್ದಾರೆ, ಕವಿದು ಬರುವ ಮಳೆಯಿದೆ. ಓದುವವನ ಗಂಟಲು ಮಾತ್ರ ಕಟ್ಟುತ್ತದೆ.

ಇದಕ್ಕೆ ತೀರ ವಿರುದ್ಧವಾದುದು ಹಂಟರ್ ಥಾಂಪ್ಸನ್ ಬರೆದ ಲೇಖನ. ಆತನು ಲೂಯಿವಿಲ್‌ನಲ್ಲಿಯೇ ಹುಟ್ಟಿದವನು. 1970ರ ಮೇ ತಿಂಗಳಲ್ಲಿ ಅಲ್ಲಿನ ಕೆಂಟಕಿ ಡರ್ಬಿಗೆ ಹೋದನು. ‘ಸ್ಕ್ಯಾನ್ಲನ್ಸ್’ ಮಾಸಿಕದಲ್ಲಿ ಪ್ರಕಟವಾದ ಆ ದೀರ್ಘ ಲೇಖನದಲ್ಲಿ ಓಟಕ್ಕೆ ಸಿಕ್ಕಿದ ಸ್ಥಳ ಅತ್ಯಲ್ಪ. ಕುಡಿದು ತೂರಾಡುವ ಶ್ರೀಮಂತರು ಹಾಗೂ ಅವರೊಡನೆ ಕುಡಿದು ತೂರಾಡುವ ಲೇಖಕನೇ ಅದರ ಕಥಾವಸ್ತು. ಜನರಲ್ಲಿ ವಿಕಾರವಾದ ಮುಖವೊಂದನ್ನು ಹುಡುಕಿ ಹೊರಟವನಿಗೆ ಕೊನೆಗೆ ಕನ್ನಡಿಯಲ್ಲಿ ಅದು ದೊರೆಯುತ್ತದೆ. ಇಲ್ಲಿನ ‘ನಾನು’ ತನ್ನ ಮಾನವನ್ನೇ ಪಣಕ್ಕೊಡ್ಡಿದೆ, ಆದುದರಿಂದ ಸಲ್ಲುತ್ತದೆ. ಅವನನ್ನು ಅನುಕರಿಸಿದವರಲ್ಲಿ ಅನೇಕರು ಕುಡಿತವನ್ನು ಮಾತ್ರ ಕಲಿತರೆಂದು ಕಾಣುತ್ತದೆ.

ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ ತನ್ನ ಕ್ರಿಕೆಟ್ ಗ್ರಂಥದಲ್ಲಿ (1963) ‘ನಾನು’ ಎನ್ನದೆ ಇರುವುದೇ ಸಾಧ್ಯವಿರಲಿಲ್ಲ. ಆ ದ್ವೀಪದಲ್ಲಿ ಮೈಬಣ್ಣಕ್ಕೆ ತಕ್ಕಂತೆ ಕ್ಲಬ್ಬುಗಳಿದ್ದವು. ಕಪ್ಪು ಮೈಬಣ್ಣದ ಜೇಮ್ಸ್ ತನ್ನವರ ‘ಷಾನನ್’ ಕ್ಲಬ್ಬನ್ನು ಬಿಟ್ಟು ಕಂದು ಬಣ್ಣದ ಮಧ್ಯಮ ವರ್ಗದವರ ‘ಮೇಪಲ್’ ಕ್ಲಬ್ಬನ್ನು ಸೇರಿದನು. ಅದಕ್ಕಾಗಿ ಮುಂದೆ ಪಶ್ಚಾತ್ತಾಪಪಟ್ಟನು. ಊರು ಬಿಟ್ಟು ಬಂದು, ಯಾವ ಜಾತಿಯವರು ಎಲ್ಲಿ ಉಣ್ಣುತ್ತಿದ್ದರೆಂಬುದನ್ನು ಹಿರಿಯರಿಂದ ಕೇಳಿ ಬಲ್ಲ ನಮ್ಮ ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಗಿಂಡಿಗೆ ಬರೋಣ. ಪಂದ್ಯದ ಪುಟದಲ್ಲಿ ‘ಈ ದಿನ ಗೆಲ್ಲಬಹುದಾದ ಕುದುರೆಗಳು’ ಎಂಬ ನಾಲ್ಕು ಸಾಲಿನ ಸುಳಿವು ಇರುತ್ತದಲ್ಲ, ಪತ್ರಿಕೆಯಲ್ಲಿ ಅದಕ್ಕಿಂತ ಚಿಕ್ಕ ಬರಹವಿಲ್ಲ. ಓದುಗನ ಜೇಬಿಗೆ ಅದಕ್ಕಿಂತ ಭಾರವಾದ ಬರಹವೂ ಇಲ್ಲ. ಸಂಬಳದ ದಿನ ಊರಿಗೆ ಮನಿಯಾರ್ಡರ್ ಮಾಡಬೇಕಾದ ಹಣ ಆ ನಾಲ್ಕು ಸಾಲನ್ನು ನಂಬಿ ಪಂದ್ಯದ ಕಿಟಕಿಯೊಳಗೆ ಹೋದುದುಂಟು. ಅಲ್ಲಿ ‘ನಾನು’ ಎಂಬ ಪದ ಎಂದೂ ಕಾಣಿಸುವುದಿಲ್ಲ. ಹೇಳಿದವರು ಯಾರು, ಹೋದ ವಾರ ಅವರು ಹೇಳಿದುದು ಏನಾಯಿತು ಎಂಬುದಕ್ಕೆ ಉತ್ತರವಿಲ್ಲ. ಉತ್ತಮ ಪುರುಷದ ಬಳಕೆ ಎಲ್ಲಿಯಾದರೂ ಕಡ್ಡಾಯವಾಗಬೇಕಾದರೆ ಇಲ್ಲಿಯೇ ಆಗಬೇಕು: ‘ಈ ಕುದುರೆಯನ್ನು ನಾನು ಹೆಸರಿಸಿದೆ, ಅದು ಸೋತಿತು’ ಎಂದು.

ದೀರ್ಘ ಬರಹಕ್ಕೆ ಯೋಗ್ಯವಾದುದು ಗಿಂಡಿಯಲ್ಲಿ ಬೇರೆಯೇ ಇದೆ. 1777ರಿಂದ ಪಂದ್ಯ ಕಂಡ ನೆಲವದು. 1974ರಲ್ಲಿ ತಮಿಳುನಾಡು ಸರ್ಕಾರ ಕುದುರೆ ಪಂದ್ಯವನ್ನೇ ನಿಷೇಧಿಸುವ ಶಾಸನ ಮಾಡಿತು. 1986ರಲ್ಲಿ ಕ್ಲಬ್ಬನ್ನೇ ವಶಪಡಿಸಿಕೊಳ್ಳುವ ಇನ್ನೊಂದು ಶಾಸನ ಬಂದಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕುದುರೆ ಪಂದ್ಯ ಬರಿಯ ಅದೃಷ್ಟದಾಟವಲ್ಲ, ಕೌಶಲದ ಆಟವೆಂದು ತೀರ್ಪಿತ್ತಿತು. ಸೋತು ಮನೆಗೆ ನಡೆದವರು ತಮ್ಮ ಕೌಶಲವನ್ನು ಕುರಿತು ಏನೆಂದುಕೊಂಡರೋ! 2024ರ ಸೆಪ್ಟೆಂಬರಿನಲ್ಲಿ 730 ಕೋಟಿ ರೂಪಾಯಿಗೂ ಮಿಕ್ಕ ಬಾಡಿಗೆ ಬಾಕಿಯ ಕಾರಣದಿಂದ ಸರ್ಕಾರ ಗುತ್ತಿಗೆಯನ್ನು ರದ್ದುಪಡಿಸಿ, 160 ಎಕರೆಗೂ ಹೆಚ್ಚಿನ ಆ ಜಾಗಕ್ಕೆ ಬೀಗಮುದ್ರೆ ಹಾಕಿತು; ವಿವಾದ ಹೈಕೋರ್ಟಿನ ಮೆಟ್ಟಲೇರಿತು.

ಪತ್ರಿಕೆಗಳಲ್ಲಿ ಎಕರೆಯ ಲೆಕ್ಕ ಬಂದಿತು, ಕೋಟಿಯ ಲೆಕ್ಕ ಬಂದಿತು. ನಸುಕಿನಲ್ಲಿ ಎದ್ದು ಕುದುರೆಯ ಮೈ ತಿಕ್ಕಿ, ಹುಲ್ಲು ಹಾಕಿ, ಅದರ ಕಾಲಿನ ಬಿಸಿಯನ್ನು ಅಂಗೈಯಲ್ಲಿ ಅಳೆಯುವ ಕುದುರೆಯಾಳಿಗೆ ಆ ಬೆಳಗ್ಗೆ ಬೀಗ ಕಂಡಾಗ ಏನಾಯಿತೆಂಬುದಕ್ಕೆ ಇಪ್ಪತ್ತು ಪುಟಗಳನ್ನು ಕೊಡಬಹುದು. ಅಲ್ಲಿ ‘ನಾನು’ ಎನ್ನಬೇಕಾದವನು ಅವನೇ. ಬರೆಯುವಾತನು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡರೆ ಸಾಕು.