ಅಕ್ಕನ ಸೊಂಟದಿಂದ ಇಳಿದ ತಮ್ಮ

ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಹೊಸಪೇಟೆ, ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಕೊನೆಗೆ ಇಳಿಸುವುದು ಗೋವಾದ ವಾಸ್ಕೋದಲ್ಲಿ. ಮಳೆ ಕೈಕೊಟ್ಟ ವರ್ಷ ನಮ್ಮ ಗಡಿ ಸೀಮೆಯ ಎಷ್ಟೋ ಮನೆಗಳು ಗಂಟುಮೂಟೆ ಕಟ್ಟಿಕೊಂಡು ಇದೇ ರೈಲು ಹತ್ತಿ, ಅಲ್ಲೇ ಗಾರೆ ಕೆಲಸಕ್ಕೆ ನಿಂತವು.

ಮೂರು ವರ್ಷದ ಹಿಂದೆ ನಾನು ಹೋದಾಗ ನಮ್ಮ ಅಣ್ಣನ ಮೊಮ್ಮಗಳು, ಒಂಬತ್ತು ವರ್ಷದ ಹುಡುಗಿ, ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

‘ಸ್ಕೂಲಿಗೆ ಹೋಗಲ್ಲೇನೆ?’ ಅಂದೆ.

‘ಇವನ್ನ ಯಾರು ಹಿಡಕಂತಾರೆ ತಾತ?’ ಅಂದಳು.

ನನ್ನ ಹತ್ತಿರ ಉತ್ತರವಿರಲಿಲ್ಲ.

ಅಂಗನವಾಡಿ ಇದೆಯಲ್ಲ ಎಂದು ನೀವು ಕೇಳಬಹುದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಅದು; ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆದರೆ ಕಟ್ಟಡದ ಕೂಲಿಗಳು ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ. ಅಂಗನವಾಡಿ ಮುಚ್ಚಿದ ಮೇಲೂ ತಾಯಿ ಕತ್ತಲಾಗುವ ತನಕ ಸಿಮೆಂಟು ಹೊರಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ ಇರಬೇಕೆಂದಿತ್ತು. ಹತ್ತು ಹೆಂಗಸರಿರುವ ಸಣ್ಣ ಕೆಲಸದಲ್ಲಿ ಆ ಲೆಕ್ಕ ಯಾವತ್ತು ತುಂಬಬೇಕು?

ಭಾನುವಾರದ ಬುಟ್ಟಿ

ಕಳೆದ ಬೇಸಿಗೆ ಮೆಣಸಿನಕಾಯಿ ಮಾರಿ ಮತ್ತೆ ಹೋದೆ. ಓಣಿಯ ಕೊನೆಯ ಬಾಡಿಗೆ ಕೋಣೆಯಲ್ಲಿ ಮಕ್ಕಳ ಗಲಾಟೆ. ಹೊರಗೆ ಬಿದಿರು ಸೀಳುವ ಸದ್ದು. ಗಾರೆ ಕೆಲಸಕ್ಕೆ ಮೈ ಬಗ್ಗದ ಒಬ್ಬ ಮೇದಾರ ಅಜ್ಜ ತನ್ನ ಕುಲಕಸುಬನ್ನು ಹತ್ತಾರು ಜನಕ್ಕೆ ಕಲಿಸಿದ್ದ. ಭಾನುವಾರ ಕೂಲಿ ಇಲ್ಲದ ದಿನ ಗಂಡಸರು, ಹೆಂಗಸರು ಕೂತು ಬುಟ್ಟಿ, ಮೊರ ಹೆಣೆಯುತ್ತಾರೆ. ಯಾರಿಗೂ ಸಂಬಳವಿಲ್ಲ. ಮಾರಿದ ದುಡ್ಡು ಬಾಲವಾಡಿಯ ಬಾಡಿಗೆಗೆ, ಮಕ್ಕಳನ್ನು ನೋಡಿಕೊಳ್ಳುವ ಟೀಚರಮ್ಮನ ಕೈಗೆ.

ಬುಟ್ಟಿ ಮಾರಿ ದಾಸೋಹ ನಡೆಸಿದ ಮೇದಾರ ಕೇತಯ್ಯನವರು ನೆನಪಾದರು. ಹನ್ನೆರಡನೆಯ ಶತಮಾನದ ಆ ಕಾಯಕ ವಾಸ್ಕೋದ ಓಣಿಯಲ್ಲೂ ಬದುಕಿದೆ ಅನಿಸಿತು.

ನಾನೂ ಕೂತೆ. ಊರಲ್ಲಿ ತೊಗರಿ ಕಟ್ಟಿಗೆಯ ಪುಟ್ಟಿ ಹೆಣೆದವನು ನಾನು, ಇದೇನು ಮಹಾ ಅಂದುಕೊಂಡೆ. ದಬ್ಬೆ ಬೆರಳು ಸೀಳಿತು. ಅಜ್ಜ ನಕ್ಕು ತೆಲುಗಿನಲ್ಲಿ, ‘ಅಡುಗು ಗಟ್ಟಿಗುಂಟೇನೇ ಗಂಪ ನಿಲುಸ್ತಾದಿ’ ಅಂದ. ತಳ ಗಟ್ಟಿಯಿದ್ದರೇ ಬುಟ್ಟಿ ನಿಲ್ಲೋದು. ಮಗುವಿನ ಮಿದುಳು ಆರು ವರ್ಷದೊಳಗೇ ಶೇಕಡಾ 85ಕ್ಕಿಂತ ಹೆಚ್ಚು ಬೆಳೆಯುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅಜ್ಜ ಅದನ್ನು ಓದಿದವನಲ್ಲ.

ಒಳಗೆ ಮಕ್ಕಳು ಸಣ್ಣ ಬುಟ್ಟಿಯನ್ನು ದೊಡ್ಡದರೊಳಗೆ ಇಟ್ಟು ಚಿಕ್ಕದು–ದೊಡ್ಡದು ಕಲಿಯುತ್ತಿದ್ದವು. ಹುಣಸೆ ಬೀಜ ಹಾಕಿ ಎಣಿಸುತ್ತಿದ್ದವು. ಕೈಗೆ ಸಿಕ್ಕ ಸಾಮಾನೇ ಪಾಠದ ಸಾಮಾನು. 1945ರಲ್ಲಿ ಬೋರ್ಡಿಯಲ್ಲಿ ಕೆಲಸ ಶುರುಮಾಡಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಡವರ ಮಕ್ಕಳಿಗೆ ಹಾಕಿಕೊಟ್ಟ ದಾರಿಯೂ ಇದೇ. ಮೊರವನ್ನು ಒಂದು ಮಗು ‘ಮೊರ’ ಅಂದರೆ ಇನ್ನೊಂದು ‘ಚೇಟ’ ಅನ್ನುತ್ತದೆ, ಪಕ್ಕದ ಕೊಂಕಣಿ ಮಗು ‘ಸೂಪ್’. ಜಗಳವಿಲ್ಲ, ಮೂರೂ ಎಲ್ಲರಿಗೂ ಗೊತ್ತು.

ಲೆಕ್ಕ ಸಾಲದು

ಸುಳ್ಳು ಹೇಳಬಾರದು. ದುಡ್ಡು ಸಾಲುತ್ತಿಲ್ಲ. ಚೌತಿಗೆ ಮೊರ ಚೆನ್ನಾಗಿ ಖರ್ಚಾಗುತ್ತವೆ. ಉಳಿದ ತಿಂಗಳು ಪ್ಲಾಸ್ಟಿಕ್ ಪುಟ್ಟಿಯ ಮುಂದೆ ಬಿದಿರು ಸೋಲುತ್ತದೆ. ಮಳೆಗಾಲದಲ್ಲಿ ಹೆಣೆದದ್ದು ಒಣಗದೆ ಬೂಸ್ಟು ಹಿಡಿಯುತ್ತದೆ. ಎರಡು ತಿಂಗಳು ಟೀಚರಮ್ಮ ಅರ್ಧ ಸಂಬಳಕ್ಕೇ ದುಡಿದಳಂತೆ. ಸರ್ಕಾರ ಮಾಡಬೇಕಾದ್ದನ್ನು ಎಷ್ಟು ದಿನ ಕೂಲಿಯವರ ಬೆರಳು ಮಾಡೀತು?

ಅಲ್ಲಿಯ ತನಕ ನಮ್ಮ ಕೈಲಾದ್ದು ಉಂಟು. ವ್ಯಾಪಾರಸ್ಥರೇ, ಹೂವು, ತರಕಾರಿಗೆ ಬಿದಿರ ಬುಟ್ಟಿ ಕೊಳ್ಳಿರಿ. ರೈತಬಾಂಧವರೇ, ಬದುವಿನಲ್ಲಿ ನಾಲ್ಕು ಬಿದಿರ ಮೆಳೆ ಬೆಳೆಸಿರಿ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದಿದ್ದಾರೆ.

ಹೊರಡುವ ದಿನ ಹುಡುಗಿಯನ್ನು ನೋಡೋಣವೆಂದು ಮನೆಗೆ ಹೋದೆ. ಬಾಗಿಲಿಗೆ ಚಿಲಕ.

‘ಅಕ್ಕ ಎಲ್ಲೋ?’ ಎಂದು ಬಾಲವಾಡಿಯಲ್ಲಿದ್ದ ತಮ್ಮನನ್ನು ಕೇಳಿದೆ.

ಬುಟ್ಟಿಯಿಂದ ತಲೆ ಎತ್ತದೆ ಅಂದ: ‘ಸ್ಕೂಲಿಗೆ.’